ಮುಚ್ಚಿದ ಕೋಣೆ, ಉರಿಯುವ ಇಂಧನ

ಕೇರಳದ ವಡಕರದ ಕರಿಂಬನಪಾಲಂನಲ್ಲಿ ಹೆದ್ದಾರಿಯ ಪಕ್ಕ ಒಂದು ಕ್ಯಾರವಾನ್ ಗಂಟೆಗಟ್ಟಲೆ ನಿಂತೇ ಇತ್ತು. 2024ರ ಡಿಸೆಂಬರ್ 23ರಂದು ಅನುಮಾನ ಬಂದು ಒಳಗೆ ನೋಡಿದಾಗ ಇಬ್ಬರ ಶವಗಳು ಕಂಡವು. ವಾಹನಕ್ಕೆ ಅಪಘಾತವಾಗಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಎ.ಸಿ. ಹಾಕಿಕೊಂಡು ವಿಶ್ರಾಂತಿಗೆಂದು ಒಳಗಿದ್ದವರು ಮತ್ತೆ ಏಳಲೇ ಇಲ್ಲ. ಸಾವಿಗೆ ಕಾರ್ಬನ್ ಮಾನಾಕ್ಸೈಡ್ ಕಾರಣ ಎಂದು ವೈದ್ಯರು ಹೇಳಿದರು. ಆದರೆ ಆ ಅನಿಲ ವಾಹನದ ಒಳಗೆ ಬಂದದ್ದು ಎಲ್ಲಿಂದ?

ಉತ್ತರ ಹುಡುಕಲು ಕಲ್ಲಿಕೋಟೆಯ ಎನ್‌ಐಟಿ ತಜ್ಞರು ಅದೇ ವಾಹನದ ಮೇಲೆ ಪ್ರಯೋಗ ನಡೆಸಿದರು. ಎ.ಸಿ.ಗೆ ವಿದ್ಯುತ್ ಕೊಡುತ್ತಿದ್ದ ಅದೇ ಜನರೇಟರನ್ನು ಚಾಲೂ ಮಾಡಿ, ಬಾಗಿಲು ಮುಚ್ಚಿ, ಒಳಗಿನ ಗಾಳಿಯನ್ನು ಅಳೆದರು. ಎರಡು ಗಂಟೆಯೊಳಗೆ ಕಾರ್ಬನ್ ಮಾನಾಕ್ಸೈಡ್ ಪ್ರಮಾಣ 957 ಪಿಪಿಎಂ ಮುಟ್ಟಿತ್ತು. ಜನರೇಟರ್ ಉಗುಳಿದ ಹೊಗೆ ವಾಹನದ ತಳದಲ್ಲಿದ್ದ ಒಂದು ರಂಧ್ರದ ಮೂಲಕ ಒಳಗೆ ನುಗ್ಗಿತ್ತು.

957 ಪಿಪಿಎಂ ಎಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 957 ಪಾಲು ವಿಷ. ಶೇಕಡಾ ಲೆಕ್ಕದಲ್ಲಿ 0.1ಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಪ್ರಮಾಣ ಇಬ್ಬರು ಆರೋಗ್ಯವಂತರನ್ನು ಕೊಲ್ಲಬಲ್ಲದೆ ಎಂದು ಯಾರಿಗಾದರೂ ಅನ್ನಿಸೀತು. ಕೊಲ್ಲಬಲ್ಲದು. 200 ಪಿಪಿಎಂ ಇರುವ ಗಾಳಿಯಲ್ಲಿ ಎರಡು ಮೂರು ಗಂಟೆ ಇದ್ದರೆ ತಲೆನೋವು, ಸುಸ್ತು ಬರುತ್ತದೆ. 400 ಆದರೆ ಮೂರು ಗಂಟೆಯ ಹೊತ್ತಿಗೆ ಜೀವಕ್ಕೇ ಅಪಾಯ. 800ರಲ್ಲಿ ಮುಕ್ಕಾಲು ಗಂಟೆಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ, ಎರಡು ಗಂಟೆಯೊಳಗೆ ಪ್ರಜ್ಞೆ ತಪ್ಪುತ್ತದೆ. 1,600 ಆದರೆ ಜೀವ ಹೋಗಲು ಒಂದು ಗಂಟೆ ಸಾಕು. ನಿದ್ದೆಯಲ್ಲಿದ್ದವರಿಗಂತೂ ತಲೆನೋವೂ ತಿಳಿಯುವುದಿಲ್ಲ, ವಾಕರಿಕೆಯೂ ತಿಳಿಯುವುದಿಲ್ಲ. ನಿದ್ದೆ ಹಾಗೆಯೇ ಪ್ರಜ್ಞಾಹೀನತೆಗೆ ಜಾರುತ್ತದೆ.

ಪೆಟ್ರೋಲು, ಡೀಸೆಲ್ಲು, ಸೀಮೆಎಣ್ಣೆ, ಅಡುಗೆ ಅನಿಲ, ಸೌದೆ, ಇದ್ದಿಲು ಎಲ್ಲದರಲ್ಲೂ ಇರುವುದು ಇಂಗಾಲ. ಸಾಕಷ್ಟು ಗಾಳಿ ಸಿಕ್ಕು ಪೂರ್ತಿ ಉರಿದರೆ ಅದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಅರೆಬರೆ ಉರಿದರೆ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಶಾಲೆಯ ಪಾಠದಲ್ಲಿ ಓದಿದ ಇಂಗಾಲದ ಮಾನಾಕ್ಸೈಡ್. ಮುಚ್ಚಿದ ಕೋಣೆಯಲ್ಲಿ ಇದೊಂದು ವಿಷಚಕ್ರವೇ ಆಗುತ್ತದೆ. ಬೆಂಕಿ ಉರಿದಷ್ಟೂ ಕೋಣೆಯ ಆಮ್ಲಜನಕ ಕರಗುತ್ತದೆ, ಆಮ್ಲಜನಕ ಕರಗಿದಷ್ಟೂ ಬೆಂಕಿ ಇನ್ನಷ್ಟು ವಿಷ ಕಾರುತ್ತದೆ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರ ಹಾಗೆ, ಆಮ್ಲಜನಕ ಬಂದು ಕೂರಬೇಕಾದ ಜಾಗವನ್ನೆಲ್ಲ ಅದು ಆಕ್ರಮಿಸುತ್ತದೆ. ಶ್ವಾಸಕೋಶ ಕೆಲಸ ಮಾಡುತ್ತಿರುತ್ತದೆ, ಹೃದಯ ಬಡಿಯುತ್ತಿರುತ್ತದೆ, ರಕ್ತವೂ ಹರಿಯುತ್ತಿರುತ್ತದೆ. ಮಿದುಳಿಗೆ ಮಾತ್ರ ಆಮ್ಲಜನಕ ತಲುಪುವುದಿಲ್ಲ.

ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದ ವಿಜ್ಞಾನಿಯೊಬ್ಬರಿದ್ದರು. ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾವೇ ಉಸಿರಾಡಿ, ತಮ್ಮ ರಕ್ತ ಹೇಗೆ ಬದಲಾಗುತ್ತದೆ, ಕೈಕಾಲು ಯಾವಾಗ ಸೋಲುತ್ತವೆ ಎಂದು ಬರೆದಿಟ್ಟರು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟವಾದಾಗ ಸತ್ತವರಲ್ಲಿ ಹೆಚ್ಚಿನವರು ಸ್ಫೋಟದ ಹೊಡೆತಕ್ಕಲ್ಲ, ಆಮೇಲೆ ಹರಡಿದ ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾದವರು ಎಂದು ತೋರಿಸಿಕೊಟ್ಟವರೂ ಅವರೇ. ಗಣಿಗೆ ಇಳಿಯುವವರು ಪುಟ್ಟ ಪ್ರಾಣಿಪಕ್ಷಿಗಳನ್ನು ಜೊತೆಗೆ ಒಯ್ಯಬೇಕು, ಮನುಷ್ಯರಿಗಿಂತ ಮೊದಲೇ ಅವು ಸೋತು ಬೀಳುವುದರಿಂದ ಅಪಾಯ ತಿಳಿಯುತ್ತದೆ ಎಂದು ಸಲಹೆ ಕೊಟ್ಟರು. ಅಲ್ಲಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಬದಲು ವಿದ್ಯುನ್ಮಾನ ಉಪಕರಣಗಳು ಬಂದದ್ದು 1986ರಲ್ಲಿ. ಈ ಹಾಲ್ಡೇನರ ಮಗನೇ ಜೆ.ಬಿ.ಎಸ್. ಹಾಲ್ಡೇನ್, ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಪ್ರಸಿದ್ಧ ಜೀವವಿಜ್ಞಾನಿ.

ಹಕ್ಕಿ ಬೇಕಾದದ್ದು ಏಕೆಂದರೆ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಾವೆಲ್ಲ ಮೋಸಹೋಗುವುದು ಇಲ್ಲಿಯೇ. ಅಡುಗೆ ಅನಿಲ ಸೋರಿದರೆ ಮೂಗಿಗೆ ತಿಳಿಯುತ್ತದೆ, ಏಕೆಂದರೆ ಅದಕ್ಕೆ ಬೇಕೆಂದೇ ದುರ್ನಾತದ ರಾಸಾಯನಿಕ ಬೆರೆಸಿರುತ್ತಾರೆ. ಆ ಅಭ್ಯಾಸದಿಂದ, ವಾಸನೆ ಬಾರದಿದ್ದರೆ ಗಾಳಿ ಸರಿಯಿದೆ ಎಂದು ನಂಬಿಬಿಟ್ಟಿದ್ದೇವೆ. ಗ್ಯಾಸ್ ಗೀಸರಿನ ಪೈಪು, ರೆಗ್ಯುಲೇಟರು ಎಲ್ಲ ಗಟ್ಟಿಯಾಗಿದ್ದು, ಒಂದು ತೊಟ್ಟೂ ಅನಿಲ ಸೋರದಿದ್ದರೂ, ಅದರ ಉರಿಯೇ ಸಣ್ಣ ಬಚ್ಚಲನ್ನು ವಿಷದ ಡಬ್ಬಿಯಾಗಿಸಬಲ್ಲದು. ಇಂಥ ಸಾವುಗಳಾದಾಗ ‘ಅನಿಲ ಸೋರಿಕೆ’ ಎಂದು ಸುದ್ದಿಯಾಗುತ್ತದೆ. ಓದಿದವರು ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡಿ, ಸೋರುತ್ತಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಸೋರಿಕೆ ನೋಡುವುದು ಬೇಕೇ ಬೇಕು, ಆದರೆ ಅದಷ್ಟೇ ಸಾಲದು.

ಗ್ಯಾಸ್ ಗೀಸರಿನ ಕಥೆ ಕನ್ನಡನಾಡಿಗೆ ತೀರ ಹತ್ತಿರದ್ದು. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲ ಬಳಿಯ ಬಾಡಿಗೆ ಮನೆಯೊಂದರಲ್ಲಿ ಸ್ನಾನಕ್ಕೆ ಹೋದ ಯುವ ಜೋಡಿಯೊಂದು ಬಚ್ಚಲಲ್ಲೇ ಪ್ರಾಣ ಬಿಟ್ಟಿತು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಗ್ಯಾಸ್ ಗೀಸರ್ ಇದ್ದ ಬಚ್ಚಲಿನಲ್ಲಿ ಅಕ್ಕತಂಗಿಯರಿಬ್ಬರು ಉಸಿರುಗಟ್ಟಿ ಸತ್ತರು. ಸಾವು ಮಾತ್ರವಲ್ಲ. ಎಂದೂ ಮೂರ್ಛೆರೋಗ ಇಲ್ಲದವರು ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದು ಆಸ್ಪತ್ರೆ ಸೇರಿದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರು ವರ್ಷಗಳ ಹಿಂದೆಯೇ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಸ್ಕ್ಯಾನಿಂಗ್, ಇಇಜಿ ಎಲ್ಲ ಮಾಡಿಸಿ, ಕೊನೆಗೆ ‘ಮನೆಯಲ್ಲಿ ನೀರು ಕಾಯಿಸುವುದು ಹೇಗೆ?’ ಎಂದು ಕೇಳಿದಾಗ ಕಾರಣ ಹೊಳೆಯುತ್ತಿತ್ತು. ಫಿಟ್ಸ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವುದು ತಪ್ಪಬೇಕಾದರೆ ರೋಗಿಯ ಮನೆಯವರೇ ಈ ವಿಷಯವನ್ನು ವೈದ್ಯರಿಗೆ ಮೊದಲು ಹೇಳಬೇಕು.

ಗೀಸರ್ ಎಂಬ ಯಂತ್ರವನ್ನೇ ದೂರಬೇಕಾಗಿಲ್ಲ. ಗಾಳಿಯಾಡುವ ಜಾಗದಲ್ಲಿಟ್ಟರೆ ಅದು ಒಳ್ಳೆಯ ಸಾಧನ. ತಪ್ಪಿರುವುದು ಅದನ್ನು ಕೂರಿಸುವ ಜಾಗದಲ್ಲಿ. ಕಡಿಮೆ ಖರ್ಚು, ಹತ್ತಿರದ ಪೈಪು ಎಂದು ಬಚ್ಚಲ ಗೋಡೆಗೇ ತೂಗುಹಾಕುತ್ತಾರೆ. ಬೇಸಿಗೆಯಲ್ಲಿ ಕಿಟಕಿ ತೆರೆದಿರುವುದರಿಂದ ಏನೂ ಆಗುವುದಿಲ್ಲ. ಚಳಿಗಾಲ ಬರುತ್ತದೆ, ಕಿಟಕಿ ಮುಚ್ಚುತ್ತದೆ, ನೀರು ಹೆಚ್ಚು ಹೊತ್ತು ಕಾಯಬೇಕಾಗುತ್ತದೆ, ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋಗುತ್ತಾರೆ. ಎರಡು ವರ್ಷ ಸುಮ್ಮನಿದ್ದ ಗೀಸರು ಒಂದು ಬೆಳಿಗ್ಗೆ ಕೊಲ್ಲುತ್ತದೆ.

ಹಳೆಯ ಮನೆಗಳನ್ನು ಕಟ್ಟಿದವರಿಗೆ ಈ ಅನಿಲದ ಹೆಸರು ಗೊತ್ತಿರಲಿಲ್ಲ, ಆದರೆ ಬೆಂಕಿಗೆ ದಾರಿ ಬಿಡಬೇಕೆಂದು ಗೊತ್ತಿತ್ತು. ಹಂಚಿನ ಸಂದುಗಳಲ್ಲಿ ಗಾಳಿ ಹೋಗಿ ಬರುತ್ತಿತ್ತು, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಂಡೆ ಒಲೆಯ ಬಾಯಿ ಬಚ್ಚಲಿನ ಹೊರಗಿರುತ್ತಿತ್ತು. ಸೌದೆ ಒಡ್ಡುವುದು ಹೊರಗಿನಿಂದ, ಸ್ನಾನ ಮಾಡುವುದು ಒಳಗೆ. ಆ ಮನೆಗಳ ಹೊಗೆ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿತು ಎಂಬುದು ನಿಜ, ಅದನ್ನು ಹೊಗಳಿ ಫಲವಿಲ್ಲ. ಆದರೆ ಇಂದಿನ ಆರ್‌ಸಿಸಿ ಮನೆ, ರಬ್ಬರ್ ಪಟ್ಟಿಯ ಸ್ಲೈಡಿಂಗ್ ಕಿಟಕಿ, ಸಂದೇ ಇಲ್ಲದ ಬಾಗಿಲು ಇವುಗಳ ನಡುವೆ ಅದೇ ಹಳೆಯ ಬೆಂಕಿಯನ್ನು ತಂದಿಟ್ಟಿದ್ದೇವೆ. ಇಂಧನ ಬದಲಾಗಿರಬಹುದು, ಉರಿಯುವ ರೀತಿ ಬದಲಾಗಿಲ್ಲ. ಮನೆ ಮಾತ್ರ ಮುಚ್ಚಿಕೊಂಡಿದೆ.

ಇದ್ದಿಲಿನ ವಿಷಯದಲ್ಲಿ ಇದು ಇನ್ನೂ ಭೀಕರ. ಚಳಿ ಕಾಯಿಸಲು ಬಾಣಲೆಯಲ್ಲಿ ಇದ್ದಿಲು ಹಚ್ಚಿದವರು ಮೊದಲು ಹೊರಗೇ ಇಟ್ಟು, ಹೊಗೆಯೆಲ್ಲ ಹೋಗಿ ಕೆಂಪಗೆ ಕೆಂಡವಾದ ಮೇಲೆ ಒಳಗೆ ತರುತ್ತಾರೆ. ಹೊಗೆಯಿಲ್ಲವಲ್ಲ, ಇನ್ನೇನು ಭಯ ಎಂದು. ಆದರೆ ನಿಗಿನಿಗಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಬರುತ್ತಲೇ ಇರುತ್ತದೆ, ಬೂದಿ ಮುಚ್ಚಿದ ಮೇಲೂ. ಹೊಗೆಯಾದರೂ ಇದ್ದಿದ್ದರೆ ಕೆಮ್ಮು ಬಂದು ಜನ ಎದ್ದು ಹೊರಗೆ ಓಡುತ್ತಿದ್ದರು. 2024ರ ಜನವರಿಯಲ್ಲಿ ದೆಹಲಿಯ ಅಲೀಪುರ ಪ್ರದೇಶದಲ್ಲಿ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಬೆಳಗಾಗುವಷ್ಟರಲ್ಲಿ ಇಲ್ಲವಾಗಿದ್ದರು. ಅದು ಉತ್ತರದ ಚಳಿಯ ಕಥೆ ಎಂದುಕೊಳ್ಳುವ ಹಾಗಿಲ್ಲ. 2025ರ ನವೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಅಮನ್ ನಗರದಲ್ಲೇ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದ ಮೂವರು ಯುವಕರು ಸತ್ತರು.

ಬಾಣಂತಿ ಕೋಣೆಯ ಮಾತನ್ನೂ ಇಲ್ಲಿ ಆಡಲೇಬೇಕು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮುಚ್ಚಿದ ಕಿಟಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ. ಎಲ್ಲವೂ ಪ್ರೀತಿಯಿಂದಲೇ ನಡೆಯುವ ಆರೈಕೆ, ಅದರಲ್ಲಿ ಸಂಶಯವಿಲ್ಲ. ಆದರೆ ಹಸುಗೂಸು ದೊಡ್ಡವರಿಗಿಂತ ಎಷ್ಟೋ ಬೇಗ ಬೇಗ ಉಸಿರಾಡುತ್ತದೆ, ಹಾಗಾಗಿ ವಿಷವೂ ಬೇಗ ಏರುತ್ತದೆ. ಅದು ಮಂಪರಿನಲ್ಲಿದ್ದರೆ ಚೆನ್ನಾಗಿ ನಿದ್ದೆ ಮಾಡುತ್ತಿದೆ ಎಂದೇ ಮನೆಯವರು ತಿಳಿಯುತ್ತಾರೆ. ಬಸುರಿಯರಲ್ಲಿ ಹೊಟ್ಟೆಯೊಳಗಿನ ಮಗುವಿನ ರಕ್ತ ತಾಯಿಯ ರಕ್ತಕ್ಕಿಂತಲೂ ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ‘ಅಜ್ಜಿ, ಬೆಚ್ಚಗಿಡೋದು ಬೇಡ ಅನ್ನಲ್ಲ, ಕೆಂಡ ಮಾತ್ರ ಹೊರಗಿರಲಿ’ ಎಂದು ಹೇಳಿದರೆ ಕೇಳದ ಅಜ್ಜಿಯರು ಕಡಿಮೆ. ದಪ್ಪ ಹೊದಿಕೆ, ಬಿಸಿನೀರಿನ ಚೀಲ, ತಾಯಿಯ ಮೈಬಿಸುಪು ಮಗುವಿಗೆ ಸಾಕು.

ಪ್ರವಾಸಕ್ಕೆ ಹೋದಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಕೋಣೆ ಹೊಸದು, ಚಳಿ ಅಪರಿಚಿತ. 2020ರ ಜನವರಿಯಲ್ಲಿ ಕೇರಳದಿಂದ ನೇಪಾಳಕ್ಕೆ ಹೋಗಿದ್ದ 15 ಜನರ ತಂಡ ಪೋಖರಾದಿಂದ ಮರಳುವಾಗ ದಾಮನ್ ಎಂಬ ಗಿರಿಧಾಮದ ರೆಸಾರ್ಟಿನಲ್ಲಿ ತಂಗಿತು. ಮೈ ಕೊರೆಯುವ ಚಳಿ. ಎಂಟು ಮಂದಿ ಒಂದೇ ಕೋಣೆ ಸೇರಿ, ಬಾಗಿಲು ಕಿಟಕಿ ಭದ್ರಪಡಿಸಿ, ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದರು. ಬೆಳಿಗ್ಗೆ ಯಾರೂ ಏಳಲಿಲ್ಲ. ಹೆಲಿಕಾಪ್ಟರಿನಲ್ಲಿ ಕಠ್ಮಂಡುವಿಗೆ ಒಯ್ದರೂ ಎಂಟೂ ಜೀವಗಳು ಉಳಿಯಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಪಕ್ಕದ ಕೋಣೆಗಳಲ್ಲಿದ್ದ ತಂಡದ ಉಳಿದವರಿಗೆ ಏನೂ ಆಗಿರಲಿಲ್ಲ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ರಾತ್ರಿ ಕ್ಯಾಂಪ್‌ಫೈರ್, ಬಾರ್ಬೆಕ್ಯೂ ಮುಗಿಸಿ, ಉಳಿದ ಕೆಂಡವನ್ನು ‘ಬೆಚ್ಚಗಿರಲಿ’ ಎಂದು ಟೆಂಟಿಗೋ ಕೋಣೆಗೋ ತೆಗೆದುಕೊಂಡು ಹೋಗುವವರನ್ನು ಮಾಲೀಕರು ಮುಲಾಜಿಲ್ಲದೆ ತಡೆಯಬೇಕು.

ಇನ್ನು ಜನರೇಟರ್. ಮಳೆಗಾಲದ ಮಲೆನಾಡಿನಲ್ಲಿ ಗಾಳಿಗೆ ಮರ ಬಿದ್ದು ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ಹೊಸದೇನಲ್ಲ. ಫ್ರಿಜ್ಜು ಕೆಡುತ್ತದೆ, ಟ್ಯಾಂಕಿಗೆ ನೀರು ಏರುವುದಿಲ್ಲ, ಮೊಬೈಲು ಸತ್ತಿರುತ್ತದೆ. ಸಣ್ಣ ಪೆಟ್ರೋಲ್ ಜನರೇಟರ್ ಆಗ ಮನೆಗೆ ದೇವರಂತೆ ಬರುತ್ತದೆ. ತೊಂದರೆ ಎಂದರೆ ಹೊರಗೆ ಮಳೆ. ನೆನೆಯಬಾರದೆಂದು ಅದನ್ನು ಜಗಲಿಗೋ, ಕೊಟ್ಟಿಗೆಗೋ, ಮೆಟ್ಟಿಲ ಕೆಳಗಿನ ಮೂಲೆಗೋ ಎಳೆದು ತರುತ್ತಾರೆ. ಕಳ್ಳರ ಭಯ ಇನ್ನೊಂದು ಕಾರಣ.

ಈ ಸಣ್ಣ ಯಂತ್ರ ಎಷ್ಟು ವಿಷ ಉಗುಳುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಇಂದಿನ ಕಾರುಗಳಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ಸಾಮಾನ್ಯ ಸಣ್ಣ ಜನರೇಟರಿನಲ್ಲಿ ಅದಿಲ್ಲ. ಒಂದು ಪೋರ್ಟಬಲ್ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಹೊರಬಿಡಬಲ್ಲದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸುತ್ತದೆ. ಆ ದೇಶದಲ್ಲಿ ಜನರೇಟರಿನ ವಿಷಕ್ಕೇ ವರ್ಷಕ್ಕೆ ಸುಮಾರು 100 ಮಂದಿ ಸಾಯುತ್ತಾರೆ. 2021ರ ಫೆಬ್ರವರಿಯ ಹಿಮಬಿರುಗಾಳಿಗೆ ಟೆಕ್ಸಾಸ್ ರಾಜ್ಯ ಕತ್ತಲಾದಾಗ ಜನ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ, ಮನೆಯೊಳಗೆ ಇದ್ದಿಲು ಉರಿಸಿ, ಬಾಗಿಲ ಬುಡದಲ್ಲೇ ಜನರೇಟರ್ ಓಡಿಸಿ ಬೆಚ್ಚಗಾಗಲು ನೋಡಿದರು. 1,400ಕ್ಕೂ ಹೆಚ್ಚು ಮಂದಿ ಚಿಕಿತ್ಸೆಗೆ ಧಾವಿಸಿದರು, ಕನಿಷ್ಠ 11 ಮಂದಿ ಸತ್ತರು. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರೂ ಆ ವಾರದ ಕತ್ತಲೆಯನ್ನು ಕಂಡವರೇ.

ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿರಬೇಕು, ಅದರ ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿರಬೇಕು. ಕಿಟಕಿ ತೆರೆದಿಟ್ಟರೆ, ಫ್ಯಾನ್ ಹಾಕಿದರೆ ಒಳಗೆ ಓಡಿಸಬಹುದು ಎಂಬುದು ತಪ್ಪು. ಅದು ಉಗುಳುವ ಪ್ರಮಾಣಕ್ಕೆ ಒಂದು ಕಿಟಕಿ ಏನೇನೂ ಸಾಲದು. ಜಗಲಿ, ಬಾಲ್ಕನಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಅಂಗಡಿಯ ಹಿಂಬದಿಯ ಗೋದಾಮು ಯಾವುದೂ ಹೊರಗಲ್ಲ. ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ಕಡಿಮೆ ಮಾನಾಕ್ಸೈಡ್ ಬಿಡುತ್ತದೆ ಎಂಬುದು ಸರಿಯೇ, ಆದರೆ ಮುಚ್ಚಿದ ಜಾಗದಲ್ಲಿ ಅದನ್ನೂ ನಂಬುವಂತಿಲ್ಲ. ಮಳೆಯ ಊರುಗಳಲ್ಲಿ ಮನೆಯಿಂದ ದೂರಕ್ಕೆ, ಗೋಡೆಗಳಿಲ್ಲದ, ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಮಾಡೊಂದನ್ನು ಕಟ್ಟಿ, ಕಾಂಕ್ರೀಟ್ ಕಟ್ಟೆಗೆ ಸರಪಳಿ ಹಾಕಿ ಬೀಗ ಜಡಿದರೆ ಮಳೆಯ ಸಮಸ್ಯೆಯೂ ಕಳ್ಳರ ಸಮಸ್ಯೆಯೂ ತೀರುತ್ತದೆ. ಗಣೇಶನ ಪೆಂಡಾಲು, ಜಾತ್ರೆ, ಆರ್ಕೆಸ್ಟ್ರಾಗಳಲ್ಲಿ ಜನರೇಟರ್ ನೋಡಿಕೊಳ್ಳುವ ಹುಡುಗರು ರಾತ್ರಿ ಅದರ ವಾಹನದಲ್ಲೇ ಮಲಗುತ್ತಾರೆ. ಅವರಿಗೆ ಬೇರೆ ಜಾಗ ಕೊಡುವುದು ಕಾರ್ಯಕ್ರಮ ಮಾಡಿಸುವವರ ಹೊಣೆ.

ಜನರೇಟರಿನಿಂದ ಇನ್ನೊಬ್ಬರ ಜೀವಕ್ಕೂ ಕುತ್ತು ಬರುತ್ತದೆ. ಅದರ ವೈರನ್ನು ನೇರವಾಗಿ ಮನೆಯ ಪ್ಲಗ್‌ಗೆ ಚುಚ್ಚಿದರೆ, ಮೈನ್ ಸ್ವಿಚ್ ಆರಿಸದಿದ್ದಲ್ಲಿ, ಕರೆಂಟ್ ಹಿಂದಕ್ಕೆ ಬೀದಿಯ ತಂತಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ತಿರುವುಮುರುವಾಗಿ ಏರಿಸಿ 11,000 ವೋಲ್ಟ್ ಮಾಡಬಲ್ಲದು. ಲೈನ್ ಆಫ್ ಆಗಿದೆ ಎಂದು ನಂಬಿ, ಮಳೆಯಲ್ಲಿ ನೆನೆಯುತ್ತ, ನಮಗಾಗಿಯೇ ಕಂಬ ಹತ್ತಿದ ಪವರ್‌ಮ್ಯಾನ್ ಸಾಯುವುದು ಹೀಗೆ. ಚೇಂಜ್‌ಓವರ್ ಸ್ವಿಚ್ ಇಲ್ಲದ ಮನೆಯಲ್ಲಿ ಜನರೇಟರ್ ಇರಲೇಬಾರದು. ಪೆಟ್ರೋಲ್ ತುಂಬುವುದೂ ಎಂಜಿನ್ ನಿಲ್ಲಿಸಿ, ಆರಿದ ಮೇಲೆಯೇ. ಕಾದ ಸೈಲೆನ್ಸರಿನ ಮೇಲೆ ಚೆಲ್ಲಿದ ಪೆಟ್ರೋಲ್ ಹೊತ್ತಿಕೊಳ್ಳಲು ಕ್ಷಣ ಸಾಕು. ತೋಟದ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರ, ಪವರ್ ಟಿಲ್ಲರ್‌ಗಳಿಗೂ ಇದೇ ಕ್ರಮ. ಇವು ಬಯಲಲ್ಲಿ ಓಡುವವರೆಗೆ ಉಸಿರಿಗೆ ಅಷ್ಟು ಭಯವಿಲ್ಲ, ಆದರೆ ರಿಪೇರಿಗೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಚಾಲೂ ಮಾಡಿ ನೋಡುವ ಚಾಳಿ ಬಿಡಬೇಕು.

ಬಯಲುಸೀಮೆಯ ತೆರೆದ ಬಾವಿಗಳ ವಿಷಯ ಇನ್ನೊಂದು ಬಗೆಯದು. ನೀರು ಕೆಳಗೆ ಹೋದಂತೆ ಡೀಸೆಲ್ ಪಂಪ್‌ಸೆಟ್ಟನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸುತ್ತಾರೆ. ಎಂಜಿನ್ ಓಡುತ್ತದೆ, ಹೊಗೆ ಬಾವಿಯಲ್ಲೇ ನಿಲ್ಲುತ್ತದೆ. ಏನೋ ಸರಿಮಾಡಲು ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನನ್ನು ಎತ್ತಲು ಪಕ್ಕದ ಹೊಲದವನು ಇಳಿಯುತ್ತಾನೆ. ಹೀಗೆ ಒಂದರ ಹಿಂದೆ ಒಂದು ಸಾವು. ಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುವ ಹಳೆಯ ರೂಢಿಯೊಂದಿದೆ. ದೀಪ ಆರಿದರೆ ಆಮ್ಲಜನಕ ಇಲ್ಲ, ಇಳಿಯಬಾರದು. ಒಳ್ಳೆಯ ರೂಢಿಯೇ. ಆದರೆ ಕಾರ್ಬನ್ ಮಾನಾಕ್ಸೈಡ್ ಮನುಷ್ಯನನ್ನು ಕೊಲ್ಲುವಷ್ಟಿದ್ದಾಗಲೂ ದೀಪ ಚೆನ್ನಾಗಿಯೇ ಉರಿಯುತ್ತಿರುತ್ತದೆ. ಎಂಜಿನ್ ಓಡಿದ ಬಾವಿಗೆ ದೀಪ ಉರಿಯಿತೆಂದು ಇಳಿಯುವಂತಿಲ್ಲ. ಎಂಜಿನ್ ನಿಲ್ಲಿಸಿ, ಬ್ಲೋವರಿನಿಂದ ಬಹಳ ಹೊತ್ತು ಹೊರಗಿನ ಗಾಳಿ ಊದಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಎಳೆಯುವವರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಒಳಗೆ ಯಾರಾದರೂ ಕುಸಿದರೆ ಹಿಂದೆಯೇ ಇಳಿಯದೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು. ಅವರ ಬಳಿ ಉಸಿರಾಟದ ಉಪಕರಣ ಇರುತ್ತದೆ. ಕಣ್ಣೆದುರು ತಮ್ಮ ಬಿದ್ದಿರುವಾಗ ನಿಂತು ಕಾಯುವುದು ಎಂಥ ಸಂಕಟ ಎಂದು ಬಲ್ಲವರಿಗೇ ಗೊತ್ತು. ಆದರೂ ಆ ಮನೆಗೆ ಎರಡನೆಯ ಸಾವು ಬೇಡ.

ವಾಹನಗಳನ್ನೂ ಮರೆಯಬಾರದು. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರೀ ಗಿರಿಧಾಮದ ದಾರಿಯಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ಕಾರುಗಳೊಳಗೆ ಕನಿಷ್ಠ 22 ಮಂದಿ ಸತ್ತರು. ಹಿಮ ಸೈಲೆನ್ಸರನ್ನು ಮುಚ್ಚಿ, ಹೀಟರಿಗೆಂದು ಓಡಿಸಿದ ಎಂಜಿನ್ನಿನ ಹೊಗೆ ಒಳಗೇ ಸುತ್ತಿದ್ದು ಹಲವರ ಸಾವಿಗೆ ಕಾರಣವಾಯಿತು. ನಮ್ಮಲ್ಲಿ ಹಿಮವಿಲ್ಲದಿದ್ದರೂ, ತೂತುಬಿದ್ದ ಸೈಲೆನ್ಸರ್ ಇರುವ ಹಳೆಯ ವಾಹನದಲ್ಲಿ ಎ.ಸಿ. ಹಾಕಿಕೊಂಡು ಮಲಗುವ ಚಾಲಕರಿದ್ದಾರೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಕಾರು ‘ಬಿಸಿಯಾಗಲಿ’ ಎಂದು ಬಿಡುವವರಿದ್ದಾರೆ.

ವಿಷ ಏರುತ್ತಿರುವುದನ್ನು ತಿಳಿಯುವುದು ಹೇಗೆ? ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಗೊಂದಲ. ಇವನ್ನು ನಾವು ಪಿತ್ತ, ಗ್ಯಾಸ್ಟ್ರಿಕ್, ವೈರಲ್ ಎಂದು ಕರೆದು ಮಾತ್ರೆ ನುಂಗಿ ಅದೇ ಕೋಣೆಯಲ್ಲಿ ಮತ್ತೆ ಮಲಗುತ್ತೇವೆ. ಅನುಮಾನಿಸಲು ಒಂದು ಒಳ್ಳೆಯ ಸೂಚನೆಯಿದೆ: ಮನೆಯ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆಯಾಗಿ ಒಳಗೆ ಬಂದಾಗ ಹೆಚ್ಚಿದರೆ, ಜ್ವರ ಇಲ್ಲದಿದ್ದರೆ, ಸಾಕಿದ ನಾಯಿಯೋ ಬೆಕ್ಕೋ ಮಂಕಾಗಿದ್ದರೆ, ಏನು ಉರಿಯುತ್ತಿದೆ ಎಂದು ಹುಡುಕಬೇಕು. ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ದಾರಿ ತಪ್ಪಿಸುತ್ತದೆ. ಅದು ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುತ್ತದೆ. ಮಾನಾಕ್ಸೈಡ್ ಹಿಡಿದ ರಕ್ತವೂ ಅದಕ್ಕೆ ಆಮ್ಲಜನಕ ಇರುವ ರಕ್ತದ ಹಾಗೆಯೇ ಕಾಣುತ್ತದೆ. ಸಾಯುವ ಸ್ಥಿತಿಯಲ್ಲಿರುವವರ ಬೆರಳಿಗೆ ಹಾಕಿದರೂ 98 ಎಂದು ತೋರಿಸೀತು. ಆಸ್ಪತ್ರೆಯಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಎಂಬ ರಕ್ತಪರೀಕ್ಷೆಯಿಂದಲೇ ನಿಜ ಗೊತ್ತಾಗುವುದು.

ಅನುಮಾನ ಬಂದೊಡನೆ ಬಾಗಿಲು ಕಿಟಕಿ ತೆರೆದು, ಉರಿಯುವುದನ್ನು ಆರಿಸಿ, ಎಲ್ಲರನ್ನೂ ಬಯಲಿಗೆ ತರಬೇಕು, 108ಕ್ಕೆ ಕರೆ ಮಾಡಬೇಕು. ಬಚ್ಚಲ ಬಾಗಿಲು ಒಡೆದು ನುಗ್ಗುವವರು ಉಸಿರು ಬಿಗಿಹಿಡಿದು, ಒಳಗಿದ್ದವರನ್ನು ಎಳೆದುಕೊಂಡು ಕೂಡಲೇ ಹೊರಬರಬೇಕು. ಹೊರಗಿನ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಅದೇ ಒಂದು, ಒಂದೂವರೆ ಗಂಟೆಯಲ್ಲಿ ಆಗುತ್ತದೆ. ಆದ್ದರಿಂದ ಎಚ್ಚರ ಬಂತಲ್ಲ ಎಂದು ಮನೆಯಲ್ಲೇ ಉಳಿಯಬಾರದು. ಚೇತರಿಸಿಕೊಂಡಂತೆ ಕಂಡವರಲ್ಲೂ ಕೆಲವರಿಗೆ ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ನಡಿಗೆಯ ತೊಂದರೆ, ಸ್ವಭಾವದ ಬದಲಾವಣೆ ಕಾಣಿಸಿಕೊಳ್ಳುತ್ತದೆ. ಆಗ ಹಳೆಯ ಘಟನೆಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಮನೆಗಳಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ ಮಾಡುವ ಕಾನೂನುಗಳಿವೆ. ಅಲ್ಲಿರುವ ನಮ್ಮ ಮಕ್ಕಳು ಅದು ಕೀಚ್ ಕೀಚ್ ಎನ್ನುತ್ತದೆಂದು ಬ್ಯಾಟರಿ ತೆಗೆದಿಡದೆ, ಹೊಸ ಬ್ಯಾಟರಿ ಹಾಕಬೇಕು. ನಮ್ಮಲ್ಲಿ ಮನೆಗಳಿಗೆ ಅಂಥ ನಿಯಮವಿಲ್ಲ, ಆದರೆ ಅಲಾರಂ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಅಡುಗೆ ಅನಿಲದ ಸೋರಿಕೆ ಹಿಡಿಯುವ ಉಪಕರಣ ಬೇರೆ, ಇದು ಬೇರೆ; ಕೊಳ್ಳುವಾಗ ನೋಡಿ ಕೊಳ್ಳಬೇಕು. ಅನಿಲ ಸೋರಿದ ವಾಸನೆ ಬಂದರೆ ಕರೆಯಬೇಕಾದ ತುರ್ತು ಸಂಖ್ಯೆ 1906. ಹೋಟೆಲು, ಹೋಂಸ್ಟೇ, ಪಿಜಿ, ಕ್ಯಾರವಾನ್‌ಗಳಿಗೆ ಪರವಾನಗಿ ಕೊಡುವ ಇಲಾಖೆಗಳು ಈ ಅಲಾರಂ ಕಡ್ಡಾಯ ಮಾಡಬೇಕು. ಬಚ್ಚಲೊಳಗೆ ಗ್ಯಾಸ್ ಗೀಸರ್ ಕೂರಿಸುವುದಿಲ್ಲ ಎಂದು ಅದನ್ನು ಮಾರುವವರೂ ಜೋಡಿಸುವವರೂ ಗಟ್ಟಿಯಾಗಿ ಹೇಳಬೇಕು.

ಬಚ್ಚಲ ಗೋಡೆಯ ಮೇಲಿರುವ ಗೀಸರನ್ನು ಬಿಚ್ಚಿ ಯುಟಿಲಿಟಿ ಬಾಲ್ಕನಿಗೋ ಹೊರಗೋಡೆಗೋ ಹಾಕಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರುವಂತೆ ಮಾಡಿಸುವುದು ದೊಡ್ಡ ಕೆಲಸವಲ್ಲ. ಅದು ಆಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆಯೇ ಸ್ನಾನಕ್ಕೆ ಇಳಿಯಬೇಕು. ಮನೆ ಬಾಡಿಗೆಗೆ ಕೊಟ್ಟಿರುವವರು ಚಳಿಗಾಲಕ್ಕೆ ಮೊದಲೇ ಗೀಸರನ್ನು ಹೊರಗೆ ಹಾಕಿಸಿಕೊಡಲಿ. ಬಾಡಿಗೆಗಿರುವವರು ಸಂಕೋಚಪಡದೆ ಕೇಳಿ ಮಾಡಿಸಿಕೊಳ್ಳಲಿ.